ಓದುಗರ ಪ್ರಶ್ನೆ, ನಮ್ಮ ಉತ್ತರ: ಡೌನ್ ಹೊದಿಕೆ ಮೇಲಿರಲಿ, ಕಂಬಳಿ ಅಡಿಗಿರಲಿ

ಮಾಗಿಯ ಚಳಿಗೆ ಟೆಂಟು ಹೊತ್ತು ಹೊರಡುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಸ್ತುವಿನ ಬಗ್ಗೆ ಇದ್ದವು: ಅಗ್ಗಕ್ಕೆ ಸಿಗುವ, ಬಾತುಕೋಳಿಯ ತುಪ್ಪುಳು ತುಂಬಿದ ಡೌನ್ ಹೊದಿಕೆ. ಮಡಚಿದರೆ ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಚೀಲದಲ್ಲಿ ಕೂರುತ್ತದೆ, ತೂಕ ಅರ್ಧ ಕಿಲೋ ಆಸುಪಾಸು. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಅಣ್ಣ ದುಬೈಯಿಂದ ತಂದ ಹೊದಿಕೆಯ ಲೇಬಲ್‌ನಲ್ಲಿ ‘150×178 ಸೆಂ.ಮೀ., ಡೌನ್ 200 ಗ್ರಾಂ, ಫಿಲ್ ಪವರ್ 600’ ಎಂದಿದೆ. ಡಿಸೆಂಬರ್ ಕೊನೆಗೆ ರಾಣಿಪುರಂ ಹತ್ತಿರ ಗೆಳೆಯರ ತೋಟದಲ್ಲಿ ಟೆಂಟು ಹಾಕುತ್ತೇವೆ. ಇದೊಂದೇ ಸಾಕೇ?
— ಓದುಗರೊಬ್ಬರು, ಬದಿಯಡ್ಕ

ಸ್ವೆಟರ್, ಕಾಲುಚೀಲ, ಟೊಪ್ಪಿ ಹಾಕಿಕೊಂಡು ಮಲಗಿದರೆ ಸಾಕು. ಬರೀ ಬನಿಯನ್ನು, ಲುಂಗಿಯಲ್ಲಿ ಮಲಗಿದರೆ ಸಾಲದು.

ಲೆಕ್ಕ ಹೀಗೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳು ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೋ ಅದೇ ಫಿಲ್ ಪವರ್. ನಿಮ್ಮದರಲ್ಲಿರುವ 200 ಗ್ರಾಂ ಎಂದರೆ 7 ಔನ್ಸ್. 7×600 ಅಂದರೆ 4,200 ಘನ ಇಂಚು. ಹೊದಿಕೆಯ ವಿಸ್ತೀರ್ಣ 59×70 ಇಂಚು, ಸುಮಾರು 4,130 ಚದರ ಇಂಚು. ಭಾಗಿಸಿದರೆ ದಪ್ಪ ಹೆಚ್ಚುಕಡಿಮೆ ಒಂದು ಇಂಚು. ಇದು ಕಾಗದದ ಮೇಲಿನ ಮಾತು. ಅಗ್ಗದ ಹೊದಿಕೆಗಳಲ್ಲಿ ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಒಟ್ಟಿಗೇ ಚುಚ್ಚಿ ಹೊಲಿದಿರುತ್ತಾರೆ. ಹೊಲಿಗೆಯ ಗೆರೆಯಲ್ಲಿ ತುಪ್ಪುಳೇ ಇರುವುದಿಲ್ಲ, ಹಾಗಾಗಿ ಸರಾಸರಿ ದಪ್ಪ ಮುಕ್ಕಾಲು ಇಂಚಿಗೆ ಇಳಿಯುತ್ತದೆ. ಚಾರಣಿಗರ ಅಂದಾಜಿನ ಪ್ರಕಾರ ಒಂದು ಇಂಚು ದಪ್ಪದ ಹೊದಿಕೆ 15 ಡಿಗ್ರಿಯವರೆಗೆ, ಒಂದೂವರೆ ಇಂಚಿನದು 4–5 ಡಿಗ್ರಿಯವರೆಗೆ ತಡೆಯುತ್ತದೆ. ಮುಕ್ಕಾಲು ಇಂಚಿನ ನಿಮ್ಮ ಹೊದಿಕೆ 20 ಡಿಗ್ರಿಯ ಆಸುಪಾಸಿಗೆ ಸರಿ.

ಇನ್ನು ಜಾಗದ ಲೆಕ್ಕ. ಕಾಸರಗೋಡಿನ ಕರಾವಳಿಯಲ್ಲಿ ಆ ದಿನಗಳ ರಾತ್ರಿ 20–21 ಡಿಗ್ರಿ ಎಂದಿಟ್ಟುಕೊಳ್ಳಿ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ. ರಾಣಿಪುರಂ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಂದರೆ 15–16. ಹೊದಿಕೆಗೂ ಚಳಿಗೂ ನಡುವೆ ಉಳಿಯುವ ಆ ನಾಲ್ಕೈದು ಡಿಗ್ರಿಯನ್ನು ಸ್ವೆಟರ್, ಟೊಪ್ಪಿ ತುಂಬಿಕೊಡುತ್ತವೆ. ತೋಟದಲ್ಲೇ ತಗ್ಗಿನ ಕಡೆ, ತೋಡಿನ ಬದಿಯಲ್ಲಿ ಟೆಂಟು ಹಾಕಬೇಡಿ. ತಣ್ಣನೆಯ ಗಾಳಿ ರಾತ್ರಿ ಇಳಿದು ಬಂದು ಅಲ್ಲೇ ನಿಲ್ಲುತ್ತದೆ. ಅರಣ್ಯದ ಗಡಿ ದಾಟಿ ಅನುಮತಿಯಿಲ್ಲದೆ ತಂಗುವುದಂತೂ ಬೇಡವೇ ಬೇಡ.

ಇದೇ ಹೊದಿಕೆಯನ್ನು ನಂಬಿ ಜನವರಿಯಲ್ಲಿ ಊಟಿಗೆ ಹೊರಡಬೇಡಿ. 2,240 ಮೀಟರ್ ಎತ್ತರದ ಆ ಊರಿನ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಅಲ್ಲಿಗೆ ಎರಡು ಹೊದಿಕೆ ಬೇಕು. ಒಂದರ ಹೊಲಿಗೆಯ ಗೆರೆ ಇನ್ನೊಂದರ ಉಬ್ಬಿನ ಮೇಲೆ ಬರುವಂತೆ ನಾಲ್ಕು ಬೆರಳು ಸರಿಸಿ ಹೊದೆಯಿರಿ. ಗೆರೆಯ ಮೇಲೆ ಗೆರೆ ಕೂತರೆ ಎರಡನೆಯದನ್ನು ಹೊತ್ತದ್ದು ಅರ್ಧ ದಂಡ.

ಆನ್‌ಲೈನ್‌ನಲ್ಲಿ ತೀರಾ ಕಡಿಮೆ ಬೆಲೆಗೆ ‘ಡೌನ್ ಫೀಲ್’ ಹೊದಿಕೆ ತರಿಸಿದೆ. ಅಸಲಿ ಡೌನ್ ಹೌದೋ ಅಲ್ಲವೋ ತಿಳಿಯುವುದು ಹೇಗೆ?
— ಓದುಗರೊಬ್ಬರು, ಹೊಸೂರು

ಅಲ್ಲ. ‘ಡೌನ್ ಫೀಲ್’, ‘ಡೌನ್ ಲೈಕ್’, ‘ಡೌನ್ ಆಲ್ಟರ್ನೇಟಿವ್’ ಎಂದು ಬರೆದಿದ್ದರೆ ಒಳಗಿರುವುದು ಪಾಲಿಯೆಸ್ಟರ್ ಎಳೆ. ಅಸಲಿಯಾದರೆ ಒಳಗಡೆ ಹೊಲಿದ ಚೀಟಿಯಲ್ಲಿ ‘ಡೌನ್ 80, ಫೆದರ್ 20’ ಅಥವಾ ‘90/10’ ಎಂಬಂಥ ಪ್ರಮಾಣ ಇರುತ್ತದೆ. ‘ಫೆದರ್’ ಎಂದಷ್ಟೇ ಇದ್ದರೆ ಅದು ದಂಟಿರುವ ಪುಕ್ಕ: ಭಾರ ಹೆಚ್ಚು, ಉಬ್ಬು ಕಡಿಮೆ.

ಚೀಟಿ ಕಿತ್ತುಹೋಗಿದ್ದರೆ ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತುಪ್ಪುಳು ಅಲ್ಲಲ್ಲಿ ಮೋಡದ ಹಾಗೆ ಗಟ್ಟಿಯಾಗಿ, ನಡುವೆ ತೆಳ್ಳಗೆ ಕಾಣುತ್ತದೆ, ಕೊಡವಿದರೆ ಜಾಗ ಬದಲಿಸುತ್ತದೆ. ಪಾಲಿಯೆಸ್ಟರ್ ಹಾಳೆಯಂತೆ ಎಲ್ಲೆಡೆ ಒಂದೇ ಸಮ. ಹೊಲಿಗೆಯ ಗೆರೆಗಳ ನಡುವಿನ ಒಂದು ಅಂಕಣವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸಕಿ ನೋಡಿ. ಅಲ್ಲೊಂದು ಇಲ್ಲೊಂದು ಸಣ್ಣ ದಂಟು ಕೈಗೆ ಸಿಕ್ಕಿದರೆ ಪುಕ್ಕ ಬೆರೆತ ಡೌನ್, ಏನೂ ಸಿಗದೆ ಹತ್ತಿಯ ಹಾಗೆ ಜಾರಿದರೆ ಪಾಲಿಯೆಸ್ಟರ್.

ಹಾಗೆಂದು ವಾಪಸು ಕಳಿಸಬೇಕಿಲ್ಲ. ಅಷ್ಟೇ ಬೆಚ್ಚಗಿರಲು ಹೆಚ್ಚು ತೂಕ, ಹೆಚ್ಚು ಜಾಗ ಬೇಕು, ನಿಜ. ಆದರೆ ಒದ್ದೆಯಾದರೂ ಪೂರ್ತಿ ಕೈಕೊಡುವುದಿಲ್ಲ, ಬೇಗ ಒಣಗುತ್ತದೆ. ಬೈಕಿನಲ್ಲೋ ಕಾರಿನಲ್ಲೋ ಹೋಗುವವರಿಗೆ ಅದೇ ಅನುಕೂಲ.

ನಾನು ಟೈಲರ್. ಡೌನ್ ಹೊದಿಕೆಯ ಕಾಲಿನ ಭಾಗವನ್ನು ಚೀಲದಂತೆ ಹೊಲಿದು ಕೊಡಿ ಎಂದು ಹುಡುಗರು ತರುತ್ತಿದ್ದಾರೆ. ಒಂದನ್ನು ಹೊಲಿದಾಗ ಸೂಜಿ ಹೋದಲ್ಲೆಲ್ಲ ತುಪ್ಪುಳು ಹೊರಬಂತು. ಸರಿಯಾದ ಕ್ರಮ ಯಾವುದು?
— ಓದುಗರೊಬ್ಬರು, ರಾಯದುರ್ಗ

ಜೀನ್ಸ್ ಹೊಲಿಯುವ 16ರ ಸೂಜಿಯಲ್ಲೇ ಹೊಲಿದಿರಬಹುದು. ಡೌನ್ ಹಿಡಿದಿಡುವ ಬಟ್ಟೆ ತೀರಾ ತೆಳುವಾದ, ಒತ್ತಾಗಿ ನೇಯ್ದ ನೈಲಾನ್. ಅದರಲ್ಲಿ ಬಿದ್ದ ತೂತು ಕೂಡಿಕೊಳ್ಳುವುದಿಲ್ಲ. 10 ಅಥವಾ 11ರ ಹೊಸ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದ 3 ಮಿ.ಮೀ. ಇರಲಿ. ಅದಕ್ಕಿಂತ ಚಿಕ್ಕ ಹೊಲಿಗೆ ಹಾಕಿದರೆ ಬಟ್ಟೆ ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ. ಗುಂಡುಸೂಜಿ ಚುಚ್ಚಬೇಡಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ.

ಎಲ್ಲಕ್ಕಿಂತ ಮುಖ್ಯವಾದದ್ದು, ತುಪ್ಪುಳು ಇರುವ ಜಾಗಕ್ಕೆ ಸೂಜಿ ಇಳಿಯಲೇ ಬಾರದು. ಹೊದಿಕೆಯ ಸುತ್ತ ಅರ್ಧ ಇಂಚಿನ ಪಟ್ಟಿ ಇರುತ್ತದಲ್ಲ, ಎಲ್ಲ ಕೆಲಸವೂ ಆ ಪಟ್ಟಿಯ ಮೇಲೇ ನಡೆಯಬೇಕು.

ಹೊದಿಕೆಯನ್ನು ಉದ್ದಕ್ಕೆ ಎರಡಾಗಿ ಮಡಚಿ. ಕಾಲಿನ ತುದಿಯಿಂದ 45 ಸೆಂ.ಮೀ. ಎತ್ತರಕ್ಕೆ ಗುರುತು ಹಾಕಿ. ಅಷ್ಟುದ್ದಕ್ಕೆ ಎರಡು ಬದಿಯ ಪಟ್ಟಿಗಳನ್ನು ಕೂಡಿಸಿದರೆ ಕೊಳವೆಯಾಗುತ್ತದೆ. ಹೊಲಿಗೆ ಹಾಕುವ ಬದಲು ಪಟ್ಟಿಗೆ 2 ಸೆಂ.ಮೀ. ಅಗಲದ ನೈಲಾನ್ ಟೇಪು ಹೊಲಿದು, ಅದರ ಮೇಲೆ 10–12 ಸೆಂ.ಮೀ.ಗೊಂದರಂತೆ ಪ್ಲಾಸ್ಟಿಕ್ ಟಿಚ್ ಬಟನ್ ಹೊಡೆಯುವುದು ನಮ್ಮ ಆಯ್ಕೆ. ಮನೆಯಲ್ಲಿ ಬಿಚ್ಚಿದರೆ ಮತ್ತೆ ಹೊದಿಕೆಯೇ. ಟೇಪಿಲ್ಲದೆ ನೇರ ನೈಲಾನಿಗೆ ಬಟನ್ ಹೊಡೆದರೆ ಒಂದೆರಡು ಸಲ ಎಳೆಯುವುದರೊಳಗೆ ಬಟ್ಟೆ ಸಮೇತ ಕಿತ್ತು ಬರುತ್ತದೆ.

ಕೊಳವೆಯ ತಳ ಮುಚ್ಚುವುದರಲ್ಲೇ ಹೆಚ್ಚಿನವರು ಎಡವುವುದು. ದಿಂಬಿನ ಚೀಲದಂತೆ ಅಡ್ಡ ಹೊಲಿಗೆ ಹಾಕಿಬಿಟ್ಟರೆ ಪಾದ ನೆಟ್ಟಗೆ ನಿಂತಾಗ ಹೆಬ್ಬೆರಳು ಬಟ್ಟೆಯನ್ನು ಒತ್ತುತ್ತದೆ, ಅಲ್ಲಿನ ತುಪ್ಪುಳು ಚಪ್ಪಟೆಯಾಗಿ ಬೆರಳು ಮರಗಟ್ಟುತ್ತದೆ. ಬದಲಿಗೆ ತಳದ ಪಟ್ಟಿಯುದ್ದಕ್ಕೂ ಪೈಜಾಮದ ಲಾಡಿಯ ನಾಳದಂತೆ ಟೇಪಿನ ನಾಳ ಹೊಲಿದು, 3 ಮಿ.ಮೀ. ಇಲಾಸ್ಟಿಕ್ ಹುರಿ ತೂರಿಸಿ, ತುದಿಗೆ ಜಾಕೆಟ್ಟಿನ ಟೊಪ್ಪಿಯಲ್ಲಿರುವ ಒತ್ತುಬಿರಟೆ ಹಾಕಿ. ಬಿಗಿದಾಗ ನಡುವೆ ಮುಷ್ಟಿಯಷ್ಟು ತೂತು ಉಳಿಯುತ್ತದೆ. ರಾತ್ರಿ ಅದಕ್ಕೆ ಒಂದು ಜೊತೆ ಉಣ್ಣೆಯ ಕಾಲುಚೀಲ ತುರುಕಿದರಾಯಿತು.

ಕಾಲಿನ ತುದಿಯಿಂದ 70 ಮತ್ತು 110 ಸೆಂ.ಮೀ. ದೂರದಲ್ಲಿ ಎರಡೂ ಬದಿಯ ಪಟ್ಟಿಗೆ ಟೇಪಿನ ಕುಣಿಕೆ ಹೊಲಿಯಿರಿ. ಮಲಗುವ ಚಾಪೆಯ ಅಡಿಯಿಂದ ಇಲಾಸ್ಟಿಕ್ ಬಂದು ಇವಕ್ಕೆ ಸಿಕ್ಕಿಕೊಂಡರೆ ಮಗ್ಗುಲು ಬದಲಿಸಿದಾಗ ಅಂಚು ಎದ್ದು ಗಾಳಿ ನುಗ್ಗುವುದಿಲ್ಲ. ಕಾಲಿನ ಚೀಲಕ್ಕಿಂತ ಈ ನಾಲ್ಕು ಕುಣಿಕೆಗಳ ಉಪಕಾರವೇ ದೊಡ್ಡದು, ಆದರೆ ಗಿರಾಕಿಗಳು ಕೇಳುವುದು ಮಾತ್ರ ಚೀಲವನ್ನೇ.

ಗಿರಾಕಿಯ ಎತ್ತರ ಕೇಳಿಕೊಳ್ಳಿ. 178 ಸೆಂ.ಮೀ. ಹೊದಿಕೆ 165 ಸೆಂ.ಮೀ. ಎತ್ತರದವರವರೆಗೆ ಸರಿಯಾಗಿ ಕತ್ತು ಮುಚ್ಚುತ್ತದೆ. ಅದಕ್ಕಿಂತ ಎತ್ತರದವರಿಗೆ ಭುಜದವರೆಗೆ ಬರುತ್ತದೆ. ಅವರು ಟೊಪ್ಪಿಯಿರುವ ಜಾಕೆಟ್ ಹಾಕಿಕೊಂಡೇ ಮಲಗಬೇಕಾಗುತ್ತದೆ. ಈಗಾಗಲೇ ತೂತು ಬಿದ್ದಿರುವ ಹೊದಿಕೆಗೆ ಟೆಂಟಿನ ಹೊಲಿಗೆಗೆ ಬಳಿಯುವ ಸೀಮ್ ಸೀಲರನ್ನು ಕಡ್ಡಿಯಲ್ಲಿ ತೆಳುವಾಗಿ ಎಳೆದು ಒಂದು ದಿನ ಒಣಗಲು ಬಿಡಿ.

ಹೊಲದಲ್ಲಿ ಟೆಂಟು ಹಾಕಿ ಮಲಗಿದಾಗ ಮೇಲೆ ಡೌನ್ ಹೊದಿಕೆ, ಅದರ ಮೇಲೆ ಕಂಬಳಿ ಹೊದ್ದರೂ ಬೆನ್ನು ಕೊರೆಯುತ್ತದೆ. ಅಡಿಗೆ ಎರಡು ಸೊಲ್ಲಾಪುರ ಚಾದರ ಹಾಸಿರುತ್ತೇನೆ.
— ಓದುಗರೊಬ್ಬರು, ಜತ್

ಕಂಬಳಿಯ ಜಾಗ ಬದಲಿಸಿ. ತುಪ್ಪುಳಿಗೆ ಬೆಚ್ಚಗಿಡುವ ಶಕ್ತಿ ಬರುವುದು ಅದರ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಭಾರದ ಕಂಬಳಿ ಮೇಲೆ ಬಿದ್ದರೆ ಆ ಗಾಳಿ ಹೊರಹೋಗಿ ಹೊದಿಕೆಯ ಉಬ್ಬು ಕುಗ್ಗುತ್ತದೆ. ಕುರುಬರ ಕಂಬಳಿಯ ಒರಟು ಉಣ್ಣೆ ಮೈಭಾರಕ್ಕೆ ಅಷ್ಟು ಸುಲಭವಾಗಿ ಅಪ್ಪಚ್ಚಿಯಾಗುವುದಿಲ್ಲ, ತುಸು ತೇವ ಹೀರಿಕೊಂಡರೂ ಬೆಚ್ಚಗೇ ಇರುತ್ತದೆ. ಅದರ ಜಾಗ ನಿಮ್ಮ ಬೆನ್ನಡಿ. ಸೊಲ್ಲಾಪುರ ಚಾದರ ಗಟ್ಟಿ, ಬಾಳಿಕೆಯದು, ಹೊದೆಯಲು ಚೆಂದ. ಆದರೆ ಹತ್ತಿ ಮೈಭಾರಕ್ಕೆ ಕಾಗದದಂತಾಗುತ್ತದೆ, ನೆಲದ ತೇವವನ್ನೂ ಎಳೆದುಕೊಳ್ಳುತ್ತದೆ.

ಹೊಸದಾಗಿ ಕೊಳ್ಳುವುದಾದರೆ ಇನ್ನೊಂದು ಹೊದಿಕೆಗೆ ದುಡ್ಡು ಹಾಕುವ ಮೊದಲು ಗುಳ್ಳೆಗಳು ಮುಚ್ಚಿರುವ ಫೋಮ್ ಚಾಪೆ ಕೊಳ್ಳಿ, ಕನಿಷ್ಠ 10 ಮಿ.ಮೀ. ದಪ್ಪದ್ದು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಕುಳಿ ತಕ್ಷಣ ಮೇಲೇಳಬೇಕು. ನೆಲದ ಚಳಿ ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕೆಯಲ್ಲಿ ಅಳೆಯುತ್ತಾರೆ. ಒಂದರ ಮೇಲೊಂದು ಹಾಸಿದರೆ ಅಂಕೆಗಳನ್ನು ಕೂಡಿಸಿಕೊಳ್ಳಬಹುದು. ಊದಿ ಉಬ್ಬಿಸುವ ಅಗ್ಗದ ಗಾಳಿಹಾಸಿಗೆ ನಾಲ್ಕು ಬೆರಳು ದಪ್ಪವಿದ್ದರೂ ಮೋಸ ಮಾಡುತ್ತದೆ. ಒಳಗಿನ ಗಾಳಿ ತಿರುಗಾಡುತ್ತಾ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ಅದನ್ನು ಬಳಸುವುದೇ ಆದರೆ ಅದರ ಮೇಲೆ ಫೋಮ್ ಹಾಸಿ.

ನಿಮ್ಮ ಕಡೆ ಜೋಳದ ಕಣಿಕೆಗೆ ಬರವಿಲ್ಲ. ಒಣಗಿದ ಕಣಿಕೆಯನ್ನು ಟೆಂಟಿನ ತಳದಡಿ ಒಂದು ಗೇಣು ಹರಡಿದರೆ ಯಾವ ಚಾಪೆಗೂ ಕಡಿಮೆಯಿಲ್ಲ. ಚೂಪಾದ ಬುಡಗಳನ್ನು ಕತ್ತರಿಸಿ, ಮೇಲೊಂದು ತಾಡಪಾಲು ಹಾಸಿ, ಆಮೇಲೆ ಟೆಂಟು. ಕಣಿಕೆಯನ್ನು ಒಟ್ಟಿದ ಬಣವೆಯಿಂದ ತರುವಾಗ ಕೋಲಿನಿಂದ ಬಡಿದು ಕೊಡವಿ, ಚೇಳು ಇರುತ್ತವೆ. ಎರೆಹೊಲದ ಬಿರುಕುಗಳ ಮೇಲೆ ಮಲಗುವುದಕ್ಕಿಂತ ಗಟ್ಟಿ ನೆಲ ಹುಡುಕುವುದು ಲೇಸು. ಹೊಲದ ಬದುವಿನ ಮರದಡಿ ಮಲಗಿದರೆ ಇನ್ನೂ ಒಳ್ಳೆಯದು: ಮೋಡವಿಲ್ಲದ ಒಣ ರಾತ್ರಿಯಲ್ಲಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ, ಮರದ ಚಪ್ಪರ ಅದಕ್ಕೆ ಅಡ್ಡ ಬರುತ್ತದೆ.

ಬೆಳಿಗ್ಗೆ ಎದ್ದಾಗ ಹೊದಿಕೆಯ ಮೇಲ್ಭಾಗ, ಅದರಲ್ಲೂ ಕತ್ತಿನ ಹತ್ತಿರ ಒದ್ದೆ. ಮಳೆ ಬಂದಿಲ್ಲ, ಟೆಂಟು ಸೋರಿಲ್ಲ.
— ಓದುಗರೊಬ್ಬರು, ತಾಳವಾಡಿ

ಅದು ನಿಮ್ಮದೇ ಉಸಿರು. ಚಳಿಯೆಂದು ಟೆಂಟಿನ ಎಲ್ಲ ಜಿಪ್ಪು ಎಳೆದುಕೊಂಡಿರಿ, ಉಸಿರಿನ ನೀರಾವಿ ಹೊರಹೋಗಲು ದಾರಿಯಿಲ್ಲದೆ ತಣ್ಣನೆಯ ಬಟ್ಟೆಯ ಮೇಲೆ ಕೂತಿತು. ಎದುರುಬದುರು ಎರಡು ಕಿಂಡಿಗಳನ್ನು ಒಂದೊಂದು ಗೇಣು ತೆರೆದಿಡಿ. ಒಳಗೆ ತುಸು ತಂಪಾದರೂ ಒಣಗಿದ ಹೊದಿಕೆ ಅದನ್ನು ಸರಿದೂಗಿಸುತ್ತದೆ. ಮುಖವನ್ನು ಹೊದಿಕೆಯೊಳಗೆ ಎಳೆದುಕೊಳ್ಳುವ ಅಭ್ಯಾಸ ಬಿಡಿ. ಮೂಗು ತಣ್ಣಗಾದರೆ ಹತ್ತಿಯ ಟವೆಲನ್ನು ಮುಖದ ಮೇಲೆ ಸಡಿಲವಾಗಿ ಹಾಕಿಕೊಳ್ಳಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅರ್ಧ ಗಂಟೆ ಹರಡಿ, ಆಮೇಲೇ ಚೀಲಕ್ಕೆ ತುಂಬಿ. ಒದ್ದೆಯನ್ನೇ ತುರುಕಿದರೆ ಮರುರಾತ್ರಿ ಅರ್ಧ ಹೊದಿಕೆಯಷ್ಟೇ ನಿಮಗೆ ಸಿಗುವುದು.

ಮಳೆಗಾಲ ಕಳೆದು ಕಪಾಟಿನಿಂದ ತೆಗೆದರೆ ಹೊದಿಕೆಗೆ ಮುಗ್ಗಲು ವಾಸನೆ, ಅಲ್ಲಲ್ಲಿ ಗಂಟು. ಒಗೆಯಬಹುದೇ?
— ಓದುಗರೊಬ್ಬರು, ಮಂಜೇಶ್ವರ

ಒಗೆಯಬಹುದು, ಆದರೆ ತುಲಾಮಾಸದ ಮಳೆ ಪೂರ್ತಿ ಮುಗಿಯಲಿ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಡೌನ್ ಹೊದಿಕೆಗೆ ಚಳಿಗಿಂತ ತೇವದ್ದೇ ಕಾಟ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಗೆಯಲು ಒಳ್ಳೆಯ ಕಾಲ.

ಒಗೆಯುವ ಮೊದಲು, ಬಿಸಿಲಿಗೆ ಹಾಕಿ ಒಣಗಿಸಿದ ಹೊದಿಕೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಉಣ್ಣೆಗೆಂದೇ ಸಿಗುವ ದ್ರವ ಸೋಪು ಎರಡು ಚಮಚ. ಸೋಪಿನ ಪುಡಿ, ಬ್ಲೀಚ್, ಕಂಫರ್ಟಿನಂಥ ಮೆದುಕಾರಿ ಯಾವುದೂ ಬೇಡ. ಅವು ತುಪ್ಪುಳಿನ ಸಹಜ ಎಣ್ಣೆಯಂಶ ತೆಗೆಯುತ್ತವೆ ಇಲ್ಲವೇ ಎಳೆಗಳಿಗೆ ಅಂಟಿಕೊಂಡು ಉಬ್ಬದಂತೆ ಮಾಡುತ್ತವೆ. ಕೈಯಿಂದ ಒತ್ತಿ ಒತ್ತಿ ನೆನೆಸಿ. ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಿ, ಮೂರು ಸಲವಂತೂ ಬೇಕು. ನೀರು ಕುಡಿದ ಹೊದಿಕೆಯನ್ನು ಒಂದು ಮೂಲೆ ಹಿಡಿದು ಎತ್ತಿದಿರೋ, ತುಪ್ಪುಳೆಲ್ಲ ಕೆಳಕ್ಕೆ ಜಗ್ಗಿ ಒಳಹೊಲಿಗೆ ಹರಿಯುತ್ತದೆ. ಎರಡೂ ಕೈ ಅಡಿಗೆ ಕೊಟ್ಟು ಮಗುವನ್ನೆತ್ತಿದ ಹಾಗೆ ಎತ್ತಿ. ಹಿಂಡಬೇಡಿ. ಬಲೆಚೀಲದಲ್ಲಿ ಹಾಕಿ ಮೆಷಿನ್ನಿನಲ್ಲಿ ಸ್ಪಿನ್ ಮಾತ್ರ ಮಾಡಿ. ನಡುವೆ ಕಂಬವಿಲ್ಲದ ಫ್ರಂಟ್ ಲೋಡ್ ಆದರೆ ಉತ್ತಮ.

ಒದ್ದೆಯಾದಾಗ ಬಾತುಕೋಳಿ ಗೂಡಿನ ವಾಸನೆ ಬರುವುದು ಸಹಜ, ಗಾಬರಿ ಬೇಡ. ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಮೂರು ಟೆನ್ನಿಸ್ ಚೆಂಡಿನೊಂದಿಗೆ ಮೂರು ನಾಲ್ಕು ಗಂಟೆ. ಇಲ್ಲದಿದ್ದರೆ ಹಳೆಯ ಸೊಳ್ಳೆಪರದೆಯನ್ನು ಹಗ್ಗದ ಮಂಚಕ್ಕೆ ಬಿಗಿದು ಅದರ ಮೇಲೆ ಹರಡಿ, ಮೇಲೊಂದು ತೆಳು ಪಂಚೆ ಮುಚ್ಚಿ. ನೇರ ಬಿಸಿಲು ದಿನಗಟ್ಟಲೆ ಬಿದ್ದರೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ. ಗಂಟೆಗೊಮ್ಮೆ ಮಗುಚಿ, ಕೈಗೆ ಸಿಕ್ಕ ಗಂಟುಗಳನ್ನು ಬಟ್ಟೆಯ ಮೇಲಿಂದಲೇ ಬೆರಳಲ್ಲಿ ಬಿಡಿಸಿ. ಸಂಜೆ ಒಳಗೆ ತಂದು ಫ್ಯಾನಿನಡಿ ಹಾಕಿ. ಎರಡು ಮೂರು ದಿನ ಹಿಡಿಯುತ್ತದೆ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ನಂಬಬೇಡಿ, ತೂಗಿ. ಬರೆದಿಟ್ಟ ತೂಕಕ್ಕಿಂತ 20 ಗ್ರಾಂ ಹೆಚ್ಚಿದ್ದರೆ ಆ 20 ಗ್ರಾಂ ನೀರು. ಅದು ಒಳಗೇ ಉಳಿದರೆ ಮತ್ತದೇ ಮುಗ್ಗಲು. ಕೊಬ್ಬರಿ ಒಣಗಿಸುವ ಗೂಡಿನಲ್ಲಿಡುವ ಯೋಚನೆ ಬಂದರೆ ಬಿಟ್ಟುಬಿಡಿ. ಹೊಗೆಯ ವಾಸನೆ ಜನ್ಮಕ್ಕೂ ಹೋಗದು.

ಒಗೆದು ಒಣಗಿಸಿದ ಮೇಲೂ ಉಬ್ಬದೆ, ಹೊಸಕಿದರೆ ಒಳಗೆ ಹುಡಿಯಂತಾಗುತ್ತಿದ್ದರೆ ಬೂಷ್ಟು ತುಪ್ಪುಳನ್ನೇ ತಿಂದಿದೆ. ಅದಕ್ಕೆ ಮದ್ದಿಲ್ಲ. ಮುಂದೆ ಇಡುವಾಗ ಸಣ್ಣ ಚೀಲಕ್ಕೆ ತುರುಕದೆ, ಹಳೆಯ ಹಾಸಿಗೆಯ ಹೊದಿಕೆಯನ್ನು ಹೊಲಿದು ಮಾಡಿದ ದೊಡ್ಡ ಹತ್ತಿಚೀಲದಲ್ಲಿ ಸಡಿಲವಾಗಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಇರುವ ಕೋಣೆಯ ಕಪಾಟು ಸಿಕ್ಕರೆ ಅದೃಷ್ಟ. ಇಲಿಯ ಕಣ್ಣಿಗೆ ಬೀಳದಿರಲಿ. ಗೂಡು ಕಟ್ಟಲು ಅದಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗದು.

ಅಡಿಕೆ ತೋಟದಲ್ಲಿ ಜೋಲಿ ಕಟ್ಟಿ ಡೌನ್ ಹೊದಿಕೆಯೊಂದಿಗೆ ಮಲಗಬಹುದೇ?
— ಓದುಗರೊಬ್ಬರು, ಪೆರ್ಲ

ಮಲಗಬಹುದು, ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ಶಿಫಾರಸಿನಂತೆ ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ 2.7 ಮೀಟರ್, ಜೋಲಿಗೆ ಅದು ಗಿಡ್ಡವಾಯಿತು. ಮೂಲೆಯಿಂದ ಮೂಲೆಗೆ 3.8 ಮೀಟರ್ ಸಿಗುವುದು ಹೌದು. ಆದರೆ ಮನುಷ್ಯನ ಭಾರ ಹಗ್ಗದಲ್ಲಿ ಅಡ್ಡಕ್ಕೆ ಎಳೆಯುವಾಗ ಆ ಸಪುರ ಕಾಂಡ ವಾಲುತ್ತದೆ, ಮೇಲಿಂದ ಸೋಗೆ ಬೀಳುವ ಭಯ ಬೇರೆ. ತೋಟದಂಚಿನ ಹಲಸು, ಮಾವು ನೋಡಿ. ತೆಂಗಿನ ಅಡಿ ಕೂಡದು.

ಜೋಲಿಯಲ್ಲಿ ಬೆನ್ನಡಿಗೆ ಗಾಳಿಯೇ ಆಡುತ್ತದೆ, ಹೊದಿಕೆಯನ್ನು ಕೆಳಗೆ ಹಾಸಿಕೊಂಡರೆ ಮೈಭಾರಕ್ಕೆ ಚಪ್ಪಟೆ. ಆದ್ದರಿಂದ ಡೌನ್ ಹೊದಿಕೆಯನ್ನು ಜೋಲಿಯ ಹೊರಗೆ, ಅಡಿಯಲ್ಲಿ ನೇತುಹಾಕಿ. ಉದ್ದದ ಎರಡೂ ಅಂಚಿಗೆ ಮೂರು ಮೂರು ಕುಣಿಕೆ ಹೊಲಿದು, 3 ಮಿ.ಮೀ. ಇಲಾಸ್ಟಿಕ್ ಹುರಿ ತೂರಿಸಿ, ಹುರಿಯ ತುದಿಗಳನ್ನು ಜೋಲಿಯ ಎರಡೂ ಕಡೆಯ ಗಂಟಿಗೆ ಕಟ್ಟಿ. ನೀವು ಮಲಗಿದಾಗ ಹೊದಿಕೆ ಬೆನ್ನಿಗೆ ತಾಗಿರಬೇಕು, ಒತ್ತಿರಬಾರದು. ಗೆಳೆಯರೊಬ್ಬರು ಅಡಿಯಿಂದ ಕೈಯಾಡಿಸಿ ನೋಡಿದರೆ ಗೊತ್ತಾಗುತ್ತದೆ. ಸಡಿಲವಾಗಿದ್ದರೆ ನಡುವೆ ಗಾಳಿ ಹರಿಯುತ್ತದೆ, ಬಿಗಿಯಾದರೆ ಉಬ್ಬು ಸಾಯುತ್ತದೆ. ಅಡಿಗೆ ಇದು ಹೋದ ಮೇಲೆ ಮೇಲೆ ಹೊದೆಯಲು ಮನೆಯ ಮಾಮೂಲಿ ರಜಾಯಿ ಸಾಕು, ಕರಾವಳಿಯ ಚಳಿ ಅಷ್ಟೇ.

ನಾವು ಜೈನರು. ಬಾತುಕೋಳಿಯಿಂದ ಬಂದ ವಸ್ತು ಬಳಸುವ ಮನಸ್ಸಿಲ್ಲ. ಹಿಂಸೆಯಿಲ್ಲದ ಡೌನ್ ಇದೆಯೆಂದು ಅಂಗಡಿಯವರು ಹೇಳುತ್ತಾರೆ.
— ಓದುಗರೊಬ್ಬರು, ಇಚಲಕರಂಜಿ

ಅವರು ಹೇಳುತ್ತಿರುವುದು ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಗುರುತಿನ ಬಗ್ಗೆ ಇರಬೇಕು. ಜೀವಂತ ಹಕ್ಕಿಯ ತುಪ್ಪುಳು ಕಿತ್ತಿಲ್ಲ, ಬಲವಂತವಾಗಿ ತಿನ್ನಿಸಿಲ್ಲ ಎಂಬುದಕ್ಕೆ ಆ ಗುರುತು. ಹಕ್ಕಿಯನ್ನು ಕೊಂದಿಲ್ಲ ಎಂದು ಅದರ ಅರ್ಥವಲ್ಲ. ಡೌನ್ ಬಹುಪಾಲು ಮಾಂಸೋದ್ಯಮದ ಉಪ ಉತ್ಪನ್ನ. ನಿಮ್ಮ ಮಟ್ಟಿಗೆ ಪಾಲಿಯೆಸ್ಟರ್ ಹೊದಿಕೆಯೇ ಸರಿ. ತೂಕ ಹೆಚ್ಚಾದರೂ ನಿಮ್ಮ ಕಡೆಯ ಚಳಿಗೆ ಅಡ್ಡಿಯಿಲ್ಲ.

ಹೊಸ ಹೊದಿಕೆಯಿಂದ ಪುಕ್ಕಗಳು ಇಣುಕುತ್ತಿವೆ, ಕಿತ್ತು ಹಾಕಲೇ?
— ಓದುಗರೊಬ್ಬರು, ಮಡಕಶಿರಾ

ಕೀಳಬೇಡಿ. ಒಂದನ್ನು ಎಳೆದರೆ ತೂತು ಹಿಗ್ಗುತ್ತದೆ, ಹಿಂದೆಯೇ ಇನ್ನೆರಡು ಬರುತ್ತವೆ. ಬಟ್ಟೆಯ ಆ ಕಡೆಯಿಂದ ಪುಕ್ಕದ ಬುಡ ಹಿಡಿದು ಒಳಕ್ಕೆ ಎಳೆದುಕೊಳ್ಳಿ, ಆಮೇಲೆ ಆ ಜಾಗವನ್ನು ಬೆರಳಿನಿಂದ ಉಜ್ಜಿ. ಕಿಡಿ ತಾಗಿ ನೈಲಾನ್ ಕರಗಿ ಆದ ತೂತಾದರೆ ಉಜ್ಜುವುದರಿಂದ ಆಗದು. ಟೆಂಟು ರಿಪೇರಿಯ ಅಂಟುಪಟ್ಟಿಯನ್ನು ತೂತಿಗಿಂತ ಒಂದು ಇಂಚು ದೊಡ್ಡದಾಗಿ, ಮೂಲೆಗಳನ್ನು ಗುಂಡಗೆ ಕತ್ತರಿಸಿ ಅಂಟಿಸಿ. ಚೌಕವಾಗಿ ಬಿಟ್ಟರೆ ಮೂಲೆಯಿಂದಲೇ ಎದ್ದು ಬರುತ್ತದೆ.